ಕೂತು ಉಂಡ ಇಪ್ಪತ್ತೆಂಟು ದಿನ

ಕೊಟ್ಟೂರು
18 ನವೆಂಬರ್ 2024, ಸೋಮವಾರ

ತಮ್ಮ ಶಿವಯೋಗಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಖಾನಾವಳಿ ತುಂಬಿರುತ್ತದೆ, ಒಲೆಯ ಮುಂದೆ ಯಾರೂ ಇರುವುದಿಲ್ಲ. ನೀನು ಹೇಗಿರುತ್ತೀಯ ಎಂದು ನನಗೆ ಗೊತ್ತು.

ಕೆರೆ, ಬಾವಿ ಹುಡುಕಿಸಬೇಡ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಕೊಟ್ಟೂರಿಗೆ ಬಂದೆ. ಖಾನಾವಳಿಯ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಿದ್ದೇನೆ, ಅದು ನನ್ನದಲ್ಲ. ಅದಕ್ಕೇ ಈ ಕಾಗದ. ದಿನಾ ಬೆಳಿಗ್ಗೆ ಬಾಗಿಲ ಹಲಗೆಯ ಮೇಲೆ ‘ಇಂದಿನ ಪಲ್ಯ’ ಎಂದು ಬರೆದ ಕೈ ಇದು, ಅಕ್ಷರ ಇನ್ನೂ ಕೆಟ್ಟಿಲ್ಲ.

ನಾನು ರಜೆಯಲ್ಲಿದ್ದೇನೆ. ಗಂಡ ತೀರಿಕೊಂಡು ನಿನ್ನ ಮನೆಗೆ ಬಂದಾಗ ನನಗೆ ಇಪ್ಪತ್ತೆಂಟು, ಈಗ ಐವತ್ತೊಂಬತ್ತು. ಈ ಮೂವತ್ತೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಬೇಯಿಸಿ ಹಾಕಿದೆನೋ ಲೆಕ್ಕವಿಲ್ಲ, ಆದರೆ ಒಂದು ದಿನವೂ ಒಂದು ಹೋಟೆಲಿನಲ್ಲಿ ಕೂತು ‘ಏನೈತ್ರಿ ಇವತ್ತು’ ಎಂದು ಕೇಳಿದವಳಲ್ಲ. ಈಗ ಕೇಳುತ್ತೇನೆ. ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಈ ನಾಲ್ಕೂ ಊರಿನ ಹೋಟೆಲು, ಮೆಸ್ಸು, ಮಿರ್ಚಿ ಅಂಗಡಿ ಒಂದನ್ನೂ ಬಿಡುವುದಿಲ್ಲ. ಐದನೆಯದು ಕೂಡ್ಲಿಗಿ. ಅಲ್ಲಿ ನಮ್ಮ ಖಾನಾವಳಿಗೇ ಗಿರಾಕಿಯಾಗಿ ಬಂದು ಕೂತು ಉಣ್ಣುತ್ತೇನೆ. ಆ ಒಲೆಯ ಮುಂದೆ ಮತ್ತೆ ಕೂರುತ್ತೇನೋ ಇಲ್ಲವೋ ಎಂಬುದನ್ನು ಉಂಡಾದ ಮೇಲೆ ಹೇಳುತ್ತೇನೆ.

ದುಡ್ಡು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡ. ವಿಧವಾ ವೇತನ ನನ್ನ ಹೆಸರಿನಲ್ಲಿ ಬರುತ್ತದೆ. ಬಸ್ಸಂತೂ ಹೆಂಗಸರಿಗೆ ಪುಕ್ಕಟೆ. ಕಂಡಕ್ಟರ್ ನನ್ನ ಆಧಾರ್ ನೋಡಿ ‘ಹೊಸಾದೇ ಐತಲ್ಲಮ್ಮಾ’ ಅಂದ. ಕಾರ್ಡು ಹಳೆಯದೇ, ಹೊರಗೆ ತೆಗೆದದ್ದು ಹೊಸದು.

ಮೊದಲ ದಿನವೇ ಜಗಳವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆ. ಬಡಿಸುವವನು, ‘ಎಷ್ಟು ಮಂದಿರಿ?’ ಅಂದ.

‘ಒಬ್ಬಾಕಿ.’

‘ಇಲ್ಲಿ ಗಂಡಸ್ರು ಕುಂದ್ರತಾರ್ರಿ. ಅತ್ಲಾಗ ಫ್ಯಾಮಿಲಿ ರೂಮಿಗೆ ಹೋಗ್ರಿ.’

ಫ್ಯಾಮಿಲಿ ರೂಮಿಗೆ ಹೋದರೆ ಅಲ್ಲಿ ಪರದೆ ಹಿಡಿದು ನಿಂತವನು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಇಣುಕಿ ನೋಡಿದ. ‘ಇದು ಫ್ಯಾಮಿಲಿಗ್ರಿ. ನಿಮ್ಮ ಯಜಮಾನ್ರು ಎಲ್ಲದಾರ? ಅವ್ರು ಬಂದ ಮ್ಯಾಲೆ ಕುಂದ್ರಿಸ್ತೀನಿ.’

‘ಮೂವತ್ತೊಂದು ವರ್ಷದ ಹಿಂದ ಹೋಗ್ಯಾರ, ಇನ್ನಾ ಬಂದಿಲ್ಲ. ಕಾಯಲೇನು?’ ಅಂದೆ.

ಪಾಪ, ಅವನ ಮುಖ ನೋಡಬೇಕಿತ್ತು. ನಾನು ತಿರುಗಿ ಬಂದು ನಡುವಿನ ಹಾಲಿನಲ್ಲಿ, ಇಬ್ಬರು ಗಂಡಸರ ಮಧ್ಯೆ ಬೆಂಚಿನ ಮೇಲೆ ಕೂತುಬಿಟ್ಟೆ. ಅವರೇ ಆಚೆ ಈಚೆ ಸರಿದರು. ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದೆ. ಮಂಡಕ್ಕಿ ಒಂದು ಗಳಿಗೆ ಹೆಚ್ಚು ನೆಂದಿತ್ತು, ಪುಠಾಣಿ ಪುಡಿ ಕೈ ಮೀರಿ ಹಾಕಿದ್ದರು. ಮಿರ್ಚಿ ಮಾತ್ರ ಬಹಳ ಚಲೋ ಇತ್ತು. ಮೆಣಸಿನಕಾಯಿ ಸೀಳಿ ಒಳಗೆ ಓಂಕಾಳು, ಉಪ್ಪು ತುಂಬಿದ್ದಾರೆ. ಬಿಸಿಯಾಗಿ ತಿಂದೆ. ಬಿಸಿಯಾಗಿ ತಿನ್ನುವುದು ಎಷ್ಟು ದೊಡ್ಡ ಸುಖ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ನನ್ನ ಪಾಲಿಗೆ ಬರುವುದು ಆರಿದ ಪಲ್ಯವಲ್ಲವೇ.

ಗುರುವಾರದ ನಂತರ ಹರಪನಹಳ್ಳಿಯಲ್ಲಿ ಇರುತ್ತೇನೆ. ಬರೆಯುವುದಿದ್ದರೆ ಅಲ್ಲಿನ ಪೋಸ್ಟ್ ಆಫೀಸಿಗೆ ಬರೆ, ನಾನೇ ಹೋಗಿ ಇಸಿದುಕೊಳ್ಳುತ್ತೇನೆ.

ನಿನ್ನ ಅಕ್ಕ
ಗಂಗಾಂಬಿಕಾ


ಕೂಡ್ಲಿಗಿ
20 ನವೆಂಬರ್ 2024

ಅಕ್ಕಾ,

ಕಾಗದ ಓದಿ ತಲೆ ಕೆಟ್ಟುಹೋಯಿತು. ನಿನ್ನಂಥ ವಯಸ್ಸಿನ ಹೆಂಗಸು ಗಂಡಸರ ಮಧ್ಯೆ ಕೂತು ಮಿರ್ಚಿ ತಿಂದಳು ಎಂದು ಯಾರಾದರೂ ಬಂದು ಹೇಳಿದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಕೇಳಿದವರಿಗೆಲ್ಲ ನೀನು ಉಜ್ಜಿನಿಗೆ ಹರಕೆ ತೀರಿಸಲು ಹೋಗಿದ್ದೀಯ ಎಂದು ಹೇಳಿದ್ದೇನೆ. ನೀನೂ ಹಾಗೇ ಹೇಳು.

ಯಾಕೆ ಹೋದೆ ಎಂದು ನನಗೆ ಗೊತ್ತಾಗದೆ ಇಲ್ಲ. ದೀಪಾವಳಿಯಲ್ಲಿ ತುಪ್ಪದ ವಿಷಯಕ್ಕೆ ನಾಗಲಿಂಗಮ್ಮ ಒಂದು ಮಾತು ಅಂದಳು. ಅವಳ ಬಾಯಿ ನಿನಗೆ ಹೊಸದೇ? ಅದಲ್ಲದಿದ್ದರೆ ಗ್ರೈಂಡರ್ ರಿಪೇರಿ ಮಾಡಿಸಲಿಲ್ಲ ಎಂಬ ಸಿಟ್ಟು. ಮೊನ್ನೆ ಮಾಡಿಸಿದ್ದೇನೆ. ಸಿಟ್ಟು ಬಿಟ್ಟು ಬಾ.

ಇಲ್ಲಿ ವ್ಯಾಪಾರಕ್ಕೆ ಏನೂ ಕಡಿಮೆಯಾಗಿಲ್ಲ, ಎಲ್ಲ ಎಂದಿನಂತೆ ನಡೆದಿದೆ. ಫ್ಯಾಮಿಲಿಗೆ ಮಾತ್ರ ಬೆನ್ನು ನೋವು. ಮೂರು ದಿನ ಒಲೆಯ ಮುಂದೆ ಕೂತು ಈಗ ಏಳಲು ಆಗುತ್ತಿಲ್ಲ, ಬಳ್ಳಾರಿಯ ಎಣ್ಣೆ ತರಿಸಿ ಹಚ್ಚುತ್ತಿದ್ದೇವೆ.

ನೀನಾಗಿ ಬರದಿದ್ದರೆ ನಾನೇ ಹರಪನಹಳ್ಳಿಗೆ ಬಂದು ಕೈ ಹಿಡಿದು ಎಳೆದುಕೊಂಡು ಬರುತ್ತೇನೆ. ತಮಾಷೆ ಅಂದುಕೊಳ್ಳಬೇಡ.

ಶಿವಯೋಗಪ್ಪ


ಹರಪನಹಳ್ಳಿ
26 ನವೆಂಬರ್ 2024

ಶಿವಯೋಗಪ್ಪಾ,

ಎಳೆದುಕೊಂಡು ಹೋಗುತ್ತೇನೆ ಅಂದವನಿಗಾಗಿ ನಾಲ್ಕು ದಿನ ಕಾದೆ, ನೀನು ಬರಲಿಲ್ಲ. ಅಕ್ಕನ ಪಾಲಿಗೆ ಹರಪನಹಳ್ಳಿಯೂ ದೂರವಾಯಿತೇ? ಇರಲಿ, ನಿನ್ನ ದಾರಿ ನೋಡುತ್ತಾ ನಾನು ಉಪವಾಸವೇನೂ ಕೂರಲಿಲ್ಲ.

ಈ ಊರಿನ ಮಾತು ಆಗಲೇ ದಾವಣಗೆರೆ ಕಡೆ ವಾಲಿದೆ, ದೋಸೆಯೂ ಅಷ್ಟೇ. ಬೆಣ್ಣೆ ಮುದ್ದೆಯನ್ನೇ ಹಂಚಿನ ಮೇಲೆ ಇಡುತ್ತಾರೆ. ಇಲ್ಲಿನ ಹೋಟೆಲಿನ ಯಜಮಾನ ಹಾಲಸ್ವಾಮಿ ಅಂತ, ದೊಡ್ಡ ಹೊಟ್ಟೆಯ ಮನುಷ್ಯ. ಮೊದಲ ದಿನ ಫ್ಯಾಮಿಲಿ ರೂಮ್ ಕಡೆ ಕೈ ತೋರಿಸಿದ. ನಾನು ಹಾಲಿನಲ್ಲೇ ಕೂತಾಗ, ‘ಅಲ್ಲಿ ಫ್ಯಾನ್ ಐತೆ ಅಂತ ಹೇಳ್ದೆ ಕಣಮ್ಮ, ಎಲ್ಲಾರ ಕುತ್ಕಳ್ರಿ, ನಮಗೇನು’ ಅಂದ. ಮೂರನೆಯ ದಿನ ನಾನು ಒಳಗೆ ಕಾಲಿಡುವುದಕ್ಕೆ ಮುಂಚೆಯೇ ‘ಅಮ್ಮಾರಿಗೆ ಒಂದು ಬೆಣ್ಣೆ, ಗರಿ ಜಾಸ್ತಿ’ ಎಂದು ಕೂಗಿದ. ಪಡ್ಡು ಮಾತ್ರ ಅವನಿಗೆ ಬರುವುದಿಲ್ಲ, ಒಳಗೆ ಹಿಟ್ಟು ಹಿಟ್ಟು. ಹೇಳಿದೆ. ಬೇಜಾರು ಮಾಡಿಕೊಂಡ. ಮರುದಿನ ಸರಿಮಾಡಿದ್ದ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ನಾನು ತುಪ್ಪಕ್ಕೂ ಹೋಗಿಲ್ಲ, ಗ್ರೈಂಡರಿಗೂ ಹೋಗಿಲ್ಲ. ನಾಗಲಿಂಗಮ್ಮನ ಬಾಯಿ ಅವಳು ನಿನ್ನ ಕೈ ಹಿಡಿದು ಬಂದ ಇಪ್ಪತ್ತಾರು ವರ್ಷದಿಂದ ಕೇಳಿದ್ದೇನೆ, ಅದು ನನಗೆ ಮಿಕ್ಸಿಯ ಸದ್ದಿನ ಲೆಕ್ಕ.

ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಇಬ್ಬರು ಹುಡುಗರು ಕ್ಯಾಮೆರಾ ತಂದು ನಮ್ಮ ಖಾನಾವಳಿಯ ವಿಡಿಯೋ ಮಾಡಿಕೊಂಡು ಹೋದರಲ್ಲ, ಅದನ್ನು ಪಾತ್ರೆ ತೊಳೆಯುವ ಬೊಮ್ಮಮ್ಮ ತನ್ನ ಫೋನಿನಲ್ಲಿ ನನಗೆ ತೋರಿಸಿದಳು. ಎಂಟು ಲಕ್ಷ ಜನ ನೋಡಿದ್ದಾರಂತೆ. ನಾನೂ ನೋಡಿದೆ. ಅವರಲ್ಲೊಬ್ಬ ನಿನ್ನನ್ನು ‘ಅಡುಗೆ ಯಾರು ಮಾಡ್ತಾರೆ ಸರ್?’ ಎಂದು ಕೇಳುತ್ತಾನೆ. ನೀನು ಹೆಗಲ ಟವೆಲ್ ಸರಿಮಾಡಿಕೊಂಡು, ‘ಎಲ್ಲಾ ನಮ್ಮ ಫ್ಯಾಮಿಲಿನೇ ಮಾಡ್ತಾರ್ರಿ’ ಅನ್ನುತ್ತೀ. ಆಮೇಲೆ ನಾಗಲಿಂಗಮ್ಮ ಕೆಂಪು ರೇಷ್ಮೆ ಸೀರೆ ಉಟ್ಟು, ನಾನು ಬಡಿದು ಇಟ್ಟ ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತಾಳೆ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಪತ್ನಿಯ ಕೈರುಚಿ’ ಎಂದು ಬರುತ್ತದೆ. ಪಕ್ಕದಲ್ಲಿ ನನ್ನ ಮೊಣಕೈ ಒಂದು ಕಾಣುತ್ತದೆ, ಅಷ್ಟೇ. ಮೂವತ್ತೊಂದು ವರ್ಷಕ್ಕೆ ಒಂದು ಮೊಣಕೈ.

ನಮ್ಮ ಕಡೆ ಗಂಡಸರು ‘ನಮ್ಮ ಫ್ಯಾಮಿಲಿ’ ಅಂದರೆ ಹೆಂಡತಿ. ಅದು ನಿನಗೂ ಗೊತ್ತು, ನನಗೂ ಗೊತ್ತು. ನನಗೆ ಸಿಟ್ಟು ಬಂದಿದೆ, ನೋವೂ ಆಗಿದೆ. ಎರಡನ್ನೂ ಸೇರಿಸಿ ಬಸ್ಸು ಹತ್ತಿದ್ದೇನೆ.

ಮುಂದಿನದು ಹಡಗಲಿ ಪೋಸ್ಟ್ ಆಫೀಸಿಗೆ ಬರೆ.

ಗಂಗಾಂಬಿಕಾ


ಕೂಡ್ಲಿಗಿ
29 ನವೆಂಬರ್ 2024

ಅಕ್ಕಾ,

ಇಷ್ಟಕ್ಕೆ ಮನೆ ಬಿಟ್ಟೆಯಾ? ಫ್ಯಾಮಿಲಿ ಅಂದರೆ ಮನೆಮಂದಿ ಎಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ನಾನು ನಮ್ಮ ಇಡೀ ಮನೆತನವನ್ನು ಸೇರಿಸಿ ಹೇಳಿದೆ, ಅದರಲ್ಲಿ ನೀನೇ ಮೊದಲು. ಕೆಳಗೆ ಅಕ್ಷರ ಹಾಕಿದವರು ಆ ಬೆಂಗಳೂರಿನವರು, ಅದಕ್ಕೆ ನಾನು ಏನು ಮಾಡಲಿ?

ಹರಪನಹಳ್ಳಿಗೆ ಬರಬೇಕೆಂದಿದ್ದೆ, ಖಾನಾವಳಿ ಬಿಟ್ಟು ಬರಲು ಆಗಲಿಲ್ಲ. ಮತ್ತೊಂದು ಮಾತು. ದೋಸೆಗೆ ಎರಡೆರಡು ಸಲ ಚಟ್ನಿ ಕೇಳಿ ಹಾಕಿಸಿಕೊಂಡು ತಿನ್ನುವ ಹೆಂಗಸನ್ನು ಜನ ಹೇಗೆ ನೋಡುತ್ತಾರೆ ಎಂದು ಸ್ವಲ್ಪ ಯೋಚಿಸು.

ಬೇರೆ ಅಡುಗೆಯವರನ್ನು ಇಟ್ಟುಕೊಂಡಿದ್ದೇನೆ. ಗಿರಾಕಿಗಳಿಗೆ ರುಚಿಯಲ್ಲಿ ಏನೂ ವ್ಯತ್ಯಾಸ ತಿಳಿದಿಲ್ಲ. ನೀನು ಬಂದರೂ ಸೈ, ಬರದಿದ್ದರೂ ಸೈ ಅನ್ನುವ ಹಾಗೆ ನಡೆದಿದೆ. ಆದರೂ ಬಾ.

ಶಿವಯೋಗಪ್ಪ


ಹಡಗಲಿ
4 ಡಿಸೆಂಬರ್ 2024

ತಮ್ಮಾ,

ನಿನ್ನ ಇಪ್ಪತ್ತನೆಯ ತಾರೀಖಿನ ಕಾಗದವನ್ನು ಜೋಪಾನವಾಗಿ ಇಟ್ಟಿದ್ದೆ, ಒಳ್ಳೆಯದಾಯಿತು. ಅದರಲ್ಲಿ ನಿನ್ನ ಕೈಯಾರೆ ಬರೆದಿದ್ದೀ: ‘ಫ್ಯಾಮಿಲಿಗೆ ಮಾತ್ರ ಬೆನ್ನು ನೋವು.’ ಹೇಳು ನೋಡೋಣ, ಇಡೀ ಮನೆತನಕ್ಕೇ ಬೆನ್ನು ನೋವೇ? ಮನೆಮಂದಿಗೆಲ್ಲ ಸಾಲಾಗಿ ಎಣ್ಣೆ ಹಚ್ಚುತ್ತಿದ್ದೀರಾ? ಅದರಲ್ಲಿ ನಾನೇ ಮೊದಲು ಅಂದೆಯಲ್ಲ, ನನ್ನ ಬೆನ್ನು ಹತ್ತೊಂಬತ್ತು ವರ್ಷದಿಂದ ನೋಯುತ್ತಿದೆ, ಅದಕ್ಕೆ ಯಾವ ಊರಿನ ಎಣ್ಣೆಯೂ ಬರಲಿಲ್ಲ. ಮಾತು ತಿರುಗಿಸಬೇಡ. ಹೆಂಡತಿ ಅಂದೆ, ಹೆಂಡತಿ ಎಂದೇ ಎಲ್ಲರೂ ತಿಳಿದರು.

ಇನ್ನೊಂದು. ನಾನು ಎರಡು ಸಲ ಚಟ್ನಿ ಹಾಕಿಸಿಕೊಂಡದ್ದು ನಿನಗೆ ಯಾರು ಹೇಳಿದರು? ನಾನಂತೂ ಬರೆದಿಲ್ಲ.

ಹಡಗಲಿಯಲ್ಲಿ ಐದು ದಿನದಲ್ಲಿ ಏಳು ಕಡೆ ಉಂಡೆ. ಆರು ಕಡೆಯದು ಹೇಳುವಂಥದ್ದೇನಿಲ್ಲ. ಒಂದು ಕಡೆ ಪುಂಡಿ ಪಲ್ಯಕ್ಕೆ ಸಕ್ಕರೆ ಹಾಕಿದ್ದರು. ಹಾಕಿದವನು ಯಾರೆಂದು ಕೇಳಿ ಮುಖ ನೋಡಿಕೊಂಡು ಬಂದೆ. ಏಳನೆಯದು ಹಂಪಕ್ಕನ ಮೆಸ್ಸು. ಬೋರ್ಡಿಲ್ಲ, ಪರದೆಯಿಲ್ಲ, ಎರಡು ಬೆಂಚು, ತಗಡಿನ ಮಾಡು. ಹಮಾಲರು, ಹೂವಿನವರು, ಆಫೀಸಿನ ಹುಡುಗಿಯರು ಯಾರು ಬಂದರೂ ಒಂದೇ ಬೆಂಚು. ನಾನು ಹೋದಾಗ ‘ಎಷ್ಟು ಮಂದಿ’ ಎಂದು ಕೇಳಲಿಲ್ಲ. ‘ಹಸಿವಾಗೇತೇನ?’ ಎಂದು ಕೇಳಿದಳು.

ತಮ್ಮಾ, ಆಕೆಯ ರೊಟ್ಟಿ! ನನ್ನ ಕೈಗೆ ಸಮ ಬರುವ ರೊಟ್ಟಿ ನಾನು ಇದುವರೆಗೆ ತಿಂದಿರಲಿಲ್ಲ. ಅಂಚೂ ನಡುವೂ ಒಂದೇ ದಪ್ಪ, ಹರಿದರೆ ಹಬೆ ಬರುತ್ತದೆ. ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಎರಡು ರೊಟ್ಟಿ ಉಂಡು ಕೈ ತೊಳೆಯಲು ಎದ್ದರೆ, ‘ಇನ್ನೊಂದು ಹಾಕೀನಿ ಕುಂದ್ರು’ ಎಂದು ಗದರಿದಳು. ನನ್ನ ತಟ್ಟೆಗೆ ಕೇಳದೆ ಯಾರಾದರೂ ರೊಟ್ಟಿ ಹಾಕಿದ್ದು ಅವ್ವ ಹೋದ ಮೇಲೆ ಅದೇ ಮೊದಲು. ಬೆಂಚಿನ ಮೇಲೆ ಕೂತೇ ಅತ್ತೆ. ಯಾರೂ ಏನೂ ಕೇಳಲಿಲ್ಲ, ಮೆಣಸಿನಕಾಯಿ ಖಾರ ಎಂದುಕೊಂಡರೋ ಏನೋ.

ಮರುದಿನ ಜನ ಹೆಚ್ಚಿದ್ದರು. ಅಭ್ಯಾಸಬಲ, ಸೆರಗು ಸಿಕ್ಕಿಸಿ ಒಳಗೆ ಹೋದೆ. ಹಂಪಕ್ಕ ಸೌಟು ಎತ್ತಿದಳು. ‘ಅಡಿಗಿ ಮನಿಗೆ ಕಾಲಿಟ್ಟಿ ಅಂದ್ರ ಇದ್ರಲೇ ಹೊಡಿತೀನಿ ನೋಡು. ಉಣ್ಣಾಕ ಬಂದಿ, ಕುಂತು ಉಣ್ಣು.’

ಇಲ್ಲಿ ಇನ್ನೂ ನಾಲ್ಕು ದಿನ ಇರುತ್ತೇನೆ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಅವಳ ಮನೆಯ ಮೇಲಿನ ಕೋಣೆಯಲ್ಲೇ ಮಲಗುತ್ತೇನೆ. ಆಮೇಲೆ ಹಗರಿಬೊಮ್ಮನಹಳ್ಳಿ.

ಗಂಗಾಂಬಿಕಾ


ಕೂಡ್ಲಿಗಿ
7 ಡಿಸೆಂಬರ್ 2024

ಅಕ್ಕಾ,

ಚಟ್ನಿಯ ಮಾತು ಬಿಡು. ಯಾರೋ ಹೇಳಿದರು.

ಆ ಹಂಪಕ್ಕ ಯಾವ ಜನ ಎಂದು ಕೇಳಿದೆಯಾ? ಅವರ ಮನೆಯಲ್ಲಿ ಉಂಡದ್ದೂ ಅಲ್ಲದೆ ಅಲ್ಲೇ ಮಲಗುತ್ತೀಯಾ? ನಮ್ಮ ಬೋರ್ಡಿನ ಮೇಲೆ ಅಪ್ಪ ಬರೆಸಿದ್ದು ‘ವೀರಶೈವ ಖಾನಾವಳಿ’ ಎಂದು, ನೆನಪಿದೆಯೇ? ನಾಳೆ ನೀನು ಬಂದು ನಮ್ಮ ಒಲೆ ಮುಟ್ಟಿದರೆ ನಾಲ್ಕು ಜನ ಏನು ಅಂದಾರು? ನಾಗಲಿಂಗಮ್ಮ ಇದನ್ನು ಕೇಳಿ ಊಟ ಬಿಟ್ಟಿದ್ದಾಳೆ.

ಇಲ್ಲಿ ಊಟದ ಹೊತ್ತಿಗೆ ಕೂರಲು ಜಾಗವಿಲ್ಲದಷ್ಟು ಜನ. ಹೊಸ ಅಡುಗೆಯವನು ಹುಷಾರಿ. ಎಲ್ಲ ಸರಿಯಾಗಿದೆ. ನೀನು ಮಾಡುವ ಕಾಳುಪಲ್ಯಕ್ಕೆ ಕೊನೆಯಲ್ಲಿ ಏನು ಹಾಕುತ್ತೀ ಎಂದು ಮಾತ್ರ ಬರೆ, ಸುಮ್ಮನೆ ಕೇಳುತ್ತಿದ್ದೇನೆ.

ಶಿವಯೋಗಪ್ಪ


ಹಗರಿಬೊಮ್ಮನಹಳ್ಳಿ
10 ಡಿಸೆಂಬರ್ 2024

ಶಿವಯೋಗಪ್ಪಾ,

ಹಂಪಕ್ಕ ಯಾವ ಜನ ಎಂದು ಕೇಳಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ. ಇಬ್ಬರ ಹೊಟ್ಟೆಗೂ ಏನೂ ಆಗಿಲ್ಲ. ಆರು ದಿನ ಆಕೆಯ ಕೈಯಲ್ಲಿ ಉಂಡಿದ್ದೇನೆ, ಕರೆದರೆ ಇನ್ನು ಅರವತ್ತು ದಿನ ಉಣ್ಣುತ್ತೇನೆ. ಬೋರ್ಡಿನ ಮೇಲೆ ಅಪ್ಪ ಏನು ಬರೆಸಿದ್ದ ಎಂದು ನನಗೆ ನೆನಪಿದೆ. ಅಲ್ಲಿ ನನ್ನ ಹೆಸರು ಇಲ್ಲ, ಹಾಗಾಗಿ ಆ ಬೋರ್ಡಿನ ಮಾನ ಕಾಯುವ ಕೆಲಸವೂ ನನ್ನದಲ್ಲ. ನಾಗಲಿಂಗಮ್ಮನಿಗೆ ಉಣ್ಣಲು ಹೇಳು, ಬೆನ್ನು ನೋವಿಗೆ ಉಪವಾಸ ಒಳ್ಳೆಯದಲ್ಲ.

ನಿನ್ನೆ ಇಲ್ಲೊಂದು ಸಂಗತಿ ನಡೆಯಿತು. ಸರ್ಕಲ್ಲಿನ ಹತ್ತಿರದ ಖಾನಾವಳಿಯಲ್ಲಿ ಕೂತಿದ್ದೆ. ಬೆನ್ನ ಹಿಂದೆ ಒಬ್ಬ, ‘ಯಣ್ಣಾ, ಒಣದು ಬ್ಯಾಡಪ್ಪೋ, ಹಂಚಿನ ಮ್ಯಾಲಿಂದು ಕೊಡು’ ಅಂದ. ನನಗೆ ಕೈ ನಿಂತೇ ಹೋಯಿತು. ಆ ದನಿಯನ್ನು ಒಂಬತ್ತು ವರ್ಷ ಗೋಡೆಯ ಈಚೆ ಕೂತು ಕೇಳಿದ್ದೇನೆ. ಪ್ರತಿ ಬುಧವಾರ, ಶನಿವಾರ. ಆ ದನಿಗೆಂದೇ ಒಂದು ರೊಟ್ಟಿಯನ್ನು ಕಡೆಗೆ ಉಳಿಸಿಕೊಂಡು ಸುಡುತ್ತಿದ್ದೆ. ತಿರುಗಿ ನೋಡಿದರೆ ಬೋಳು ತಲೆ, ಖಾಕಿ ಅಂಗಿ, ಬಸ್ಸಿನ ಡ್ರೈವರ್. ಹೆಸರು ಅಂಜಿನಿ ಅಂತೆ.

‘ನೀವು ಕೂಡ್ಲಿಗಿ ಖಾನಾವಳ್ಯಾಗ ಉಣ್ತೀರಲ್ಲ?’ ಅಂದೆ.

‘ಉಣ್ತಿದ್ದೆ ಬೇ. ಈಗೆಲ್ಲೈತಿ? ಅವ್ರು ಬಾಗ್ಲಾ ಹಾಕಿ ಎಂಟು ದಿನ ಆತು. ಅದಕ್ಕ ಮೊದ್ಲು ಯಾವನೋ ಒಬ್ಬವನ್ನ ಇಟ್ಟಿದ್ರು, ಅವನ ರೊಟ್ಟಿ ತಿಂದು ನನ್ನ ಹಲ್ಲೊಂದು ಅಳ್ಳಾಡಾಕ ಹತ್ತೇತಿ. ಮಾಲಕ್ರ ಹೆಂಡ್ತಿ ಕೈ ರುಚಿ ಭಾಳ ಚಲೋ ಇತ್ತು, ಆಯಮ್ಮಗ ಏನಾತೋ ಏನೋ.’

‘ಆಯಮ್ಮಗ ಏನೂ ಆಗಿಲ್ಲ, ನಿಮ್ಮ ಮುಂದ ಕುಂತು ಉಣ್ಣಾಕ ಹತ್ಯಾಳ’ ಅಂದೆ. ‘ನಾನು ಹೆಂಡ್ತಿ ಅಲ್ಲ, ಅಕ್ಕ.’

ಮೊದಲು ಅವನು ನಂಬಲಿಲ್ಲ. ‘ಬುಧವಾರ ನಿಮಗ ಎರಡು, ಶನಿವಾರ ಮೂರು’ ಅಂದಾಗ ನಂಬಿದ. ಕೈ ತೊಳೆದು ಬಂದು ನನ್ನೆದುರಿಗೆ ಕೂತ. ‘ನಾವು ಒಳಗ ಇಣುಕಿ ನೋಡ್ಬೇಕಿತ್ತು, ತಪ್ಪಾತು’ ಎಂದ. ಒಂಬತ್ತು ವರ್ಷ ಉಂಡವನು ತಪ್ಪಾಯಿತು ಅಂದ. ನೀನು?

ಕೂರಲು ಜಾಗವಿಲ್ಲದಷ್ಟು ಜನ ಎಂದು ಬರೆದಿದ್ದೀ. ಬಾಗಿಲು ಹಾಕಿದ ಮೇಲೆ ಎಲ್ಲಿ ಕೂರುತ್ತಾರೆ?

ಶನಿವಾರ ಮಧ್ಯಾಹ್ನ ಕೂಡ್ಲಿಗಿಗೆ ಬರುತ್ತೇನೆ, ನಮ್ಮ ಖಾನಾವಳಿಯಲ್ಲಿ ಉಣ್ಣಲು. ಬಾಗಿಲು ತೆಗೆದಿರು.

ಗಂಗಾಂಬಿಕಾ

ಕಾಳುಪಲ್ಯಕ್ಕೆ ಏನು ಹಾಕುತ್ತೇನೆ ಎಂದು ಹೇಳುವುದಿಲ್ಲ.


ಕೂಡ್ಲಿಗಿ
12 ಡಿಸೆಂಬರ್ 2024

ಅಕ್ಕಾ,

ಇನ್ನು ಸುಳ್ಳು ಬರೆಯಲು ನನ್ನ ಕೈಲಿ ಆಗುವುದಿಲ್ಲ.

ಬಾಗಿಲು ಹಾಕಿದ್ದು ನಿಜ. ಬಂದ ಅಡುಗೆಯವನು ಆರೇ ದಿನಕ್ಕೆ ಹೋದ, ಗಿರಾಕಿಗಳು ಅವನಿಗಿಂತ ಮುಂಚೆ ಹೋದರು.

ಹರಪನಹಳ್ಳಿಗೂ ನಾನು ಬಂದಿದ್ದೆ. ಇಪ್ಪತ್ತನಾಲ್ಕನೆಯ ತಾರೀಖು, ಭಾನುವಾರ. ನಿನ್ನನ್ನು ಎಳೆದುಕೊಂಡು ಬರಬೇಕೆಂದೇ ಸಿಟ್ಟಿನಲ್ಲಿ ಬಂದೆ. ಹೋಟೆಲಿನ ಎದುರು ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತರೆ ನೀನು ಒಳಗೆ ಕೂತಿರುವುದು ಕಂಡಿತು. ದೋಸೆ ತಿನ್ನುತ್ತಿದ್ದೆ, ನಿಧಾನವಾಗಿ. ಚಟ್ನಿ ಮುಗಿದಾಗ ಕೈ ಎತ್ತಿ ಕರೆದೆ, ಅವನು ಬಂದು ಹಾಕಿದ, ನೀನು ನಕ್ಕೆ. ಅಕ್ಕಾ, ನೀನು ಕೂತು ಉಣ್ಣುವುದನ್ನು ನಾನು ಅದೇ ಮೊದಲು ನೋಡಿದ್ದು. ಒಂದೇ ಮನೆಯಲ್ಲಿದ್ದು ಇಷ್ಟು ವರ್ಷವಾಯಿತು, ನೀನು ಯಾವಾಗ ಉಣ್ಣುತ್ತೀ, ಎಲ್ಲಿ ಕೂತು ಉಣ್ಣುತ್ತೀ ಎಂದು ನನಗೆ ಗೊತ್ತೇ ಇಲ್ಲ. ಅರ್ಧ ತಾಸು ಅಲ್ಲೇ ನಿಂತೆ. ಒಳಗೆ ಬರಲು ಕಾಲು ಏಳಲಿಲ್ಲ. ಬಸ್ಸು ಹತ್ತಿ ವಾಪಸು ಬಂದೆ.

ಫ್ಯಾಮಿಲಿಯ ಮಾತಿನ ಬಗ್ಗೆಯೂ ನಿಜ ಹೇಳುತ್ತೇನೆ. ಕ್ಯಾಮೆರಾದವನು ಅದಾದ ಮೇಲೆ ‘ಫ್ಯಾಮಿಲಿ ಅಂದ್ರೆ ನಿಮ್ಮ ಮಿಸೆಸ್ಸಾ ಸರ್?’ ಎಂದು ಕೇಳಿದ, ನಾನು ಹೂಂ ಅಂದೆ. ಅದು ವಿಡಿಯೋದಲ್ಲಿ ಇಲ್ಲ. ಅಕ್ಕ ಅಂದಿದ್ದರೆ, ಗಂಡ ಸತ್ತ ಅಕ್ಕನನ್ನು ಒಲೆಯ ಮುಂದೆ ಕೂರಿಸಿ ದುಡಿಸಿಕೊಂಡು ಇವನು ದುಡ್ಡಿನ ಗಲ್ಲೆಯ ಮುಂದೆ ಕೂತಿದ್ದಾನೆ ಎಂದು ಜನ ಅಂದಾರು ಎಂದು ಹೆದರಿದೆ. ಯಾರೂ ಅನ್ನುವುದಕ್ಕೆ ಮುಂಚೆಯೇ ನನಗೆ ನಾಚಿಕೆಯಾಯಿತು. ತಪ್ಪಾಯಿತು.

ಬೋರ್ಡಿನ ಮೇಲೆ ನಿನ್ನ ಹೆಸರು ಬರೆಸುತ್ತೇನೆ. ನಾಗಲಿಂಗಮ್ಮ ಒಪ್ಪಿದ್ದಾಳೆ, ಹಂಪಕ್ಕನ ಮಾತನ್ನೂ ಯಾರೂ ಎತ್ತುವುದಿಲ್ಲ. ಶನಿವಾರ ಬಾಗಿಲು ತೆಗೆದಿರುತ್ತೇನೆ. ಉಂಡು ಹಾಗೇ ಒಳಗೆ ಬಾ ಅಕ್ಕಾ. ನೀನಿಲ್ಲದೆ ಈ ಖಾನಾವಳಿ ನಡೆಯುವುದಿಲ್ಲ.

ಶಿವಯೋಗಪ್ಪ


ಹಡಗಲಿ
16 ಡಿಸೆಂಬರ್ 2024, ಸೋಮವಾರ

ತಮ್ಮಾ,

ಶನಿವಾರ ಒಂದು ಮಾತೂ ಆಡದೆ ಎದ್ದು ಬಂದೆ ಎಂದು ನಿನಗೆ ನೋವಾಗಿರಬೇಕು. ಅಲ್ಲಿ ಬಾಯಿ ತೆಗೆದಿದ್ದರೆ ನಾನು ಅಳುತ್ತಿದ್ದೆ, ಅತ್ತಿದ್ದರೆ ನೀನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದೆ, ನಾನು ಹೋಗಿಬಿಡುತ್ತಿದ್ದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಬಂದೆ.

ನೀನು ಕಂಡದ್ದು ನಿನಗೆ ಗೊತ್ತು, ಬೆಂಚಿನಿಂದ ನಾನು ಕಂಡದ್ದು ಹೇಳುತ್ತೇನೆ. ನಮ್ಮ ಖಾನಾವಳಿಯ ಹಾಲನ್ನು ಕಸ ಗುಡಿಸುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನಾನು ಹೊಕ್ಕವಳಲ್ಲ. ಬೆಂಚು ಇಷ್ಟು ಎತ್ತರ ಎಂದು ಗೊತ್ತಿರಲಿಲ್ಲ. ಹನ್ನೊಂದು ಜನ ಇದ್ದರು. ನೀನೇ ಒಲೆಯ ಮುಂದೆ ಕೂತಿದ್ದೆ, ಹಣೆಯ ಮೇಲೆ ಹಿಟ್ಟು ಮೆತ್ತಿತ್ತು. ಎದ್ದು ಬಂದು ನನ್ನ ಮುಂದೆ ತಟ್ಟೆ ಇಟ್ಟೆ. ನನ್ನ ಪಕ್ಕದಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ಗುರುಸಂಗಪ್ಪನವರು, ಇಪ್ಪತ್ತು ವರ್ಷ ನನ್ನ ಸಾರು ಉಂಡವರು, ನನ್ನನ್ನು ನೋಡಿ ‘ಯಾರ್ರಿ ಈ ಅಮ್ಮ, ಹೊಸಬ್ರು?’ ಎಂದು ನಿನ್ನನ್ನು ಕೇಳಿದರು.

ಆಗ ನಾನು ತಟ್ಟೆ ನೋಡುತ್ತಿದ್ದೆ. ನಿನ್ನ ಮುಖ ನೋಡಲು ಧೈರ್ಯವಾಗಲಿಲ್ಲ. ಬೇರೆ ಊರುಗಳಲ್ಲಿ ಜಗಳವಾಡಿ ಕೂತವಳಿಗೆ ಅಲ್ಲಿ ಭಯವಾಯಿತು. ನೀನು ದನಿ ಎತ್ತರಿಸಿ ಹೇಳಿದೆ: ‘ನಮ್ಮಕ್ಕ ರೀ ಮಾಸ್ತರ. ಗಂಗಾಂಬಿಕಾ ಅಂತ. ಇಷ್ಟು ವರ್ಷ ನೀವೆಲ್ಲ ಇಲ್ಲಿ ಉಂಡಿದ್ದು ಈಕಿ ಕೈದು. ನನ್ನ ಹೆಂಡ್ತಿದಲ್ಲ, ನಂದೂ ಅಲ್ಲ.’ ಮಾಸ್ತರರು ಎದ್ದು ನಿಂತು ಎಂಜಲು ಕೈಯಲ್ಲೇ ನಮಸ್ಕಾರ ಮಾಡಿದರು. ಅವರ ಹಿಂದೆ ಎಲ್ಲರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಾಗಲಿಂಗಮ್ಮ ನಿಂತಿದ್ದಳು, ಅವಳೂ ಕಣ್ಣು ಒರೆಸಿಕೊಂಡಳು.

ಸುಳ್ಳು ಹೇಳುವುದಿಲ್ಲ, ನನ್ನ ಎದೆ ತುಂಬಿತು. ಆ ಮಾತಿಗೆ ನಾನು ಬಹಳ ವರ್ಷದಿಂದ ಹಸಿದಿದ್ದೆ. ನೀನು ಹೇಳಿದೆ, ನನಗೆ ಸಿಟ್ಟೆಲ್ಲ ಇಳಿಯಿತು. ನಿನ್ನ ಮೇಲೆ ಈಗ ನನಗೆ ಪ್ರೀತಿ ಬಿಟ್ಟರೆ ಬೇರೆ ಏನೂ ಇಲ್ಲ.

ಆದರೆ ನಾನು ಬರುವುದಿಲ್ಲ.

ಆ ಮಾತು ನನಗೆ ಬರಬೇಕಾದದ್ದು, ಬಂತು. ಅದಕ್ಕೆ ಬದಲಾಗಿ ಮತ್ತೆ ಒಲೆಯ ಮುಂದೆ ಕೂರಬೇಕು ಎಂಬ ಕರಾರು ಇಲ್ಲ. ಬೋರ್ಡಿನ ಮೇಲೆ ನನ್ನ ಹೆಸರು ಬರೆಸಬೇಡ. ಹೆಸರು ಹೊರಗೆ, ನಾನು ಒಳಗೆ, ಅದು ನನಗೆ ಬೇಡ. ‘ನೀನಿಲ್ಲದೆ ಈ ಖಾನಾವಳಿ ನಡೆಯುವುದಿಲ್ಲ’ ಎಂದು ಬರೆದಿದ್ದೆ. ಶನಿವಾರ ನಡೆಯಿತಲ್ಲ, ನೀನೇ ನಡೆಸಿದೆ. ರೊಟ್ಟಿಯ ಅಂಚು ದಪ್ಪವಿತ್ತು. ನೀರು ಬೆಚ್ಚಗಾದರೆ ಸಾಲದು, ಕುದಿಯಬೇಕು, ಕುದಿಯುವಾಗಲೇ ಹಿಟ್ಟಿಗೆ ಹಾಕಬೇಕು. ಕೈ ಸುಡುತ್ತದೆ, ಸುಡಲಿ. ಕಾಳುಪಲ್ಯಕ್ಕೆ ಕೊನೆಯಲ್ಲಿ ಹುರಿದ ಗುರೆಳ್ಳು ಪುಡಿ ಒಂದು ಚಮಚ ಹಾಕು, ಇಳಿಸಿದ ಮೇಲೆ. ಆರು ತಿಂಗಳಲ್ಲಿ ನಿನಗೆ ಬಂದುಬಿಡುತ್ತದೆ. ನನಗೂ ಮೊದಲು ಬರುತ್ತಿರಲಿಲ್ಲ.

ಹಡಗಲಿಯಲ್ಲಿ ನಾಲ್ಕು ದಿನ ಹೆಚ್ಚು ಇದ್ದದ್ದು ಯಾಕೆಂದು ಈಗ ಹೇಳುತ್ತೇನೆ. ಹಂಪಕ್ಕನಿಗೆ ಒಬ್ಬಳ ಕೈಲಿ ಆಗುತ್ತಿಲ್ಲ, ಜೊತೆಗೆ ನಡೆಸೋಣ ಎಂದಳು. ನಾನು ಒಂದೇ ಮಾತು ಕೇಳಿದೆ: ದಿನಾ ಹನ್ನೊಂದೂವರೆಗೆ, ಮಂದಿ ಬರುವುದಕ್ಕೆ ಮುಂಚೆ, ನಾವಿಬ್ಬರು ಬೆಂಚಿನ ಮೇಲೆ ಕೂತು ಬಿಸಿಬಿಸಿ ಉಣ್ಣಬೇಕು. ‘ಅಡಿಗಿ ಮಾಡಿದಾಕಿ ಮೊದ್ಲು ಉಂಡ್ರ ಮಂದಿ ಏನಂತಾರ?’ ಎಂದು ನಾನೇ ಪರೀಕ್ಷೆಗೆ ಕೇಳಿದೆ. ‘ಹಸಿದವ್ರು ಹೊರಗ ನಿಂತು ಏನ್ ಬೇಕಾದ್ದು ಅನ್ಲಿ’ ಅಂದಳು. ಇವತ್ತು ಹಾಗೇ ಉಂಡೆವು. ಹಮಾಲರು ಬಂದು ಹೊರಗೆ ನಿಂತರು, ಕಾದರು, ಯಾರೂ ಏನೂ ಅನ್ನಲಿಲ್ಲ.

ಒಂದು ದಿನ ನಾಗಲಿಂಗಮ್ಮನನ್ನು ಕರೆದುಕೊಂಡು ಬಾ. ಇಬ್ಬರೂ ಬೆಂಚಿನ ಮೇಲೆ ಕೂತು ಉಣ್ಣಿ, ನಾನು ಬಡಿಸುತ್ತೇನೆ. ಅಡುಗೆ ಯಾರದು ಎಂದು ಪಕ್ಕದಲ್ಲಿ ಕೂತವರು ಕೇಳಿದರೆ ನೀನು ಬಾಯಿ ತೆಗೆಯಬೇಡ. ನಾನೇ ಹೇಳುತ್ತೇನೆ.

ಗಂಗಾಂಬಿಕಾ